ಒಂದು ಗಂಟೆಯ ದೂರ

ಬೆಂಗಳೂರಿಗೂ ಮಂಗಳೂರಿಗೂ ಎಷ್ಟು ದೂರ ಎಂದು ಕೇಳಿದರೆ ಈಗ ಕಿಲೋಮೀಟರಿನಲ್ಲಿ ಉತ್ತರ ಕೊಡುವವರು ಕಡಿಮೆ. ‘ಒಂದು ಗಂಟೆ’ ಎನ್ನುತ್ತಾರೆ. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟರೆ 300 ಕಿಲೋಮೀಟರಿಗೆ ತುಸು ಕಡಿಮೆ, ರಸ್ತೆಯಲ್ಲಿ 350ರ ಆಸುಪಾಸು. ತರಗತಿಯಲ್ಲಿ ಮಕ್ಕಳ ಕೈಗೆ ನೂಲು ಕೊಟ್ಟು ರಸ್ತೆಯ ತಿರುವುಗಳನ್ನೂ ಅಳೆಯಿರಿ ಎನ್ನುತ್ತೇನೆ. ಶಿರಾಡಿ ಘಾಟಿ ಬಂದಾಗ ನೂಲು ಬೆರಳಿನಿಂದ ಜಾರಿಬಿಡುತ್ತದೆ.

ಆ ಒಂದು ಗಂಟೆಯಾದರೂ ಪೂರ್ತಿ ನಿಜವಲ್ಲ. 2008ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ದೇವನಹಳ್ಳಿಯ ಕಡೆಗೆ ಹೋಯಿತು. ಜಯನಗರದವರು ಅಲ್ಲಿಗೆ ಮುಟ್ಟಲಿಕ್ಕೇ ಎರಡು ಗಂಟೆ ಹಿಡಿಯುವುದುಂಟು. ಮತ್ತೆ ತಪಾಸಣೆ, ಕಾಯುವುದು, ಇತ್ತ ಬಜ್ಪೆಯ ಗುಡ್ಡ ಇಳಿಯುವುದು. ಆದರೆ ನೆಂಟರ ಲೆಕ್ಕದಲ್ಲಿ ಇದೊಂದೂ ಬರುವುದಿಲ್ಲ.

ನಮ್ಮ ಅಣ್ಣ ಬೆಂಗಳೂರು ಸೇರಿ ಮೂವತ್ತು ವರ್ಷ ದಾಟಿತು. ಅಮ್ಮ ನನ್ನ ಜೊತೆ ಇಲ್ಲಿ. ಕಳೆದ ವರ್ಷ ಅಪ್ಪನ ತಿಥಿಗೆ ಅವನಿಗೆ ಬರಲಾಗಲಿಲ್ಲ. “ಒಂದು ಗಂಟೆಯ ದಾರಿ, ಬರಲಿಕ್ಕೆ ಏನು ದಾಡಿ?” ಎಂದರು ದೊಡ್ಡಮ್ಮ. ಊಟದ ಎಲೆಯ ಮುಂದೆ ಕೂತಿದ್ದವರೆಲ್ಲ ತಲೆಯಾಡಿಸಿದರು.

ನನ್ನನ್ನು ಕಾಡಿದ್ದು ಆ ಮಾತೇ. ದಾರಿ ಸುಲಭವಾದಷ್ಟೂ ಮನುಷ್ಯನ ಕರ್ತವ್ಯ ಹೆಚ್ಚುತ್ತದೆಯೇ?

ಹಿಂದೆ ಹೀಗಿರಲಿಲ್ಲ. ಹಾಸನ–ಮಂಗಳೂರು ರೈಲು 1979ರಲ್ಲಿ ಬಂತು, 57 ಸುರಂಗಗಳ ದಾರಿ. ಆಮೇಲೆ ಹಳಿ ಅಗಲ ಮಾಡಲೆಂದು ನಿಲ್ಲಿಸಿದರು; ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಬಜ್ಪೆಯಲ್ಲಿ ವಿಮಾನ 1951ರಿಂದಲೂ ಇಳಿಯುತ್ತಿತ್ತು, ಆದರೆ ಅದು ನಮ್ಮಂಥವರಿಗಲ್ಲ. ಉಳಿದದ್ದು ರಾತ್ರಿ ಬಸ್ಸು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಬಾರದವರ ಪರವಾಗಿ ಘಾಟಿಯೇ ಬೈಸಿಕೊಳ್ಳುತ್ತಿತ್ತು. ಈಗ ಆ ಬೈಗಳು ನೇರ ಅಣ್ಣನ ತಲೆಗೆ. ಅವನ ಪ್ರೀತಿ ಕಡಿಮೆಯಾಗಿದೆ ಎಂದು ನಾನು ನಂಬಲಾರೆ. ಮರೆಗೆ ಇದ್ದ ಗುಡ್ಡ ಹೋಯಿತು, ಅಷ್ಟೇ. ರಜೆ ಕೊಡುವ ಯಜಮಾನ, ಮಗಳ ಪರೀಕ್ಷೆ, ಕೊನೆಯ ಗಳಿಗೆಯಲ್ಲಿ ಏರುವ ಟಿಕೆಟಿನ ದರ, ಇವು ಮೊದಲಿನಷ್ಟೇ ಎತ್ತರ ಇವೆ. ವಿಮಾನ ಅವುಗಳ ಮೇಲೆ ಹಾರುವುದಿಲ್ಲ.

ಹಾಗೆಂದು ದೊಡ್ಡಮ್ಮನ ಮಾತನ್ನು ತಳ್ಳಿಹಾಕಲೂ ಆರೆ. ಬಸ್ಸಿನಲ್ಲಿ ಮೈ ಮುರಿದುಕೊಂಡು ಬರುತ್ತಿದ್ದ ಕಾಲದಲ್ಲಿ ಅಣ್ಣ ಎಂಟು ದಿನ ಇರುತ್ತಿದ್ದ, ಹಲಸಿನ ಹಪ್ಪಳ ಒಣಗಿಸಲು ಅಂಗಳಕ್ಕೆ ಇಳಿಯುತ್ತಿದ್ದ. ಈಗ ಶನಿವಾರ ಬಂದು ಭಾನುವಾರ ಸಂಜೆ ಹೊರಡುತ್ತಾನೆ. ಬೇಕೆಂದಾಗ ಬರಬಹುದು ಎಂಬ ಧೈರ್ಯವೇ ಬರುವುದನ್ನು ಮುಂದಕ್ಕೆ ಹಾಕಿಸುತ್ತದೋ ಏನೋ. “ಏನಾದರೂ ಆದರೆ ಒಂದು ಗಂಟೆಯಲ್ಲಿ ಅಲ್ಲಿರುತ್ತೇನೆ” ಎಂದು ಅವನು ಫೋನಿನಲ್ಲಿ ಹೇಳುತ್ತಾನೆ. ಆ ಸಮಾಧಾನ ಹೆಚ್ಚಾಗಿ ಬೇಕಿರುವುದು ಅವನಿಗೇ. ಅಮ್ಮ ಬಚ್ಚಲಲ್ಲಿ ಜಾರಿದ ರಾತ್ರಿ ಮೂರು ನಿಮಿಷದಲ್ಲಿ ಓಡಿ ಬಂದು ಎತ್ತಿದವರು ಪಕ್ಕದ ಮನೆಯವರು. ಏನಾದರೂ ಆದಾಗ ಬರುವುದು ಒಂದು. ಏನೂ ಆಗದಿದ್ದಾಗ ಬಂದು ಜಗಲಿಯಲ್ಲಿ ಸುಮ್ಮನೆ ಕೂರುವುದು ಇನ್ನೊಂದು. ಅಮ್ಮ ಕಾಯುವುದು ಎರಡನೆಯದಕ್ಕೆ. ಅವನು ಅವಳಿಗೆ ಕೊಡಬೇಕಾದದ್ದು ಅದು ಎಂದೇ ನನ್ನ ತೀರ್ಮಾನ, ಬಸ್ಸಿರಲಿ ವಿಮಾನವಿರಲಿ.

ಅಮ್ಮ ಮಾತ್ರ ಈ ಚರ್ಚೆಗೇ ಬರುವುದಿಲ್ಲ. ಹಿಂದೆ ಅಣ್ಣ ಬಾರದಿದ್ದಾಗ, ಬಿಸಿಲಿರುವ ದಿನವೂ, “ಘಾಟಿ ಬಂದ್ ಅಂತೆ” ಎಂದು ನೆರೆಯವರಿಗೆ ಹೇಳುತ್ತಿದ್ದಳು. ಈಚೆಗೆ ಹೊಸದೊಂದು ಕಲಿತಿದ್ದಾಳೆ. ತಿಥಿಯ ಮರುದಿನ ಹಾಲು ತಂದವಳ ಹತ್ತಿರ ಹೇಳುತ್ತಿದ್ದಳು: “ಬಂದಿದ್ದ ಮಾರಾಯ್ತಿ. ಬಜ್ಪೆಯಲ್ಲಿ ಮೋಡ ನೋಡು, ವಿಮಾನ ಇಳಿಯಲಿಕ್ಕೆ ಆಗದೆ ತಿರುಗಿ ಹೋಯಿತಂತೆ.”