ಬೇಡ ಎನ್ನುವ ದಾರಿ

ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ತಾತ ಕಾಯಿಲೆಯ ಹಸುವಿಗೆ ಗೊಟ್ಟ ಹಾಕುವುದನ್ನು ನೋಡುತ್ತ ಬೆಳೆದವನು ನಾನು. ಬಿದಿರಿನ ಗೊಟ್ಟದಲ್ಲಿ ಗಂಜಿ ತುಂಬಿ, ಬಾಯಿಯ ಪಕ್ಕದಿಂದ ನಿಧಾನವಾಗಿ ಸುರಿಯುತ್ತಿದ್ದರು. ಹಸು ತಲೆ ಕೊಡವಿದರೆ ನಿಲ್ಲಿಸುತ್ತಿದ್ದರು. ಬಲವಂತ ಮಾಡಿದರೆ ಗಂಜಿ ಶ್ವಾಸನಾಳಕ್ಕೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಕಳೆದ ವರ್ಷ ಶ್ರೀನಿವಾಸಪುರದ ನಮ್ಮ ಮನೆಯ ಬೆಕ್ಕು ನಾಲ್ಕು ದಿನ ಏನನ್ನೂ ಮುಟ್ಟಲಿಲ್ಲ. ಕೋಲಾರದ ಮೇಲೆ ಬೆಂಗಳೂರಿಗೆ ಕರೆದೊಯ್ದೆ. ಬೆಕ್ಕು ಕೆಲವು ದಿನ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳಬಹುದು, ಯಕೃತ್ತು ಸೋತಷ್ಟೂ ಹಸಿವು ಸಾಯುತ್ತದೆ ಎಂದರು ವೈದ್ಯರು. ಅರಿವಳಿಕೆ ಕೊಟ್ಟು, ಕತ್ತಿನ ಎಡಬದಿಯಿಂದ ಅನ್ನನಾಳಕ್ಕೆ ಮೆತ್ತನೆಯ ಕೊಳವೆ ಇಟ್ಟರು. ನುಣ್ಣಗೆ ರುಬ್ಬಿದ ಬೆಚ್ಚಗಿನ ಆಹಾರವನ್ನು ಸಿರಿಂಜಿನಲ್ಲಿ ನಿಧಾನವಾಗಿ ಕೊಡಬೇಕು, ಆಮೇಲೆ ನೀರು ಹಾಯಿಸಿ ಕೊಳವೆ ತೊಳೆಯಬೇಕು.

‘ಅದೇ ಊಟ ಬಿಟ್ಟಿದೆ, ನೀವ್ಯಾಕೆ ಹಿಂಸೆ ಕೊಡ್ತೀರಿ?’ ಎಂದರು ಪಕ್ಕದ ಮನೆಯವರು.

ಆ ಮಾತು ನನ್ನನ್ನು ಕಾಡಿತು. ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡವರದು ವ್ರತ. ಬಿಡುತ್ತಿರುವುದು ಏನೆಂದು ಅವರಿಗೆ ಗೊತ್ತಿತ್ತು. ಗುಣವಾಗದ ಸ್ಥಿತಿ ಬಂದರೆ ಕೃತಕ ಜೀವಾಧಾರ ಬೇಡವೆಂದು ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ನಮಗೆ ಮಾನ್ಯ ಮಾಡಿತು. ಬೆಕ್ಕು ವ್ರತ ತೊಡುವುದಿಲ್ಲ, ಬರೆದಿಡುವುದೂ ಇಲ್ಲ. ಅದರ ನಿರಾಕರಣೆ ವಾಕರಿಕೆಯೂ ಇರಬಹುದು, ವಿದಾಯವೂ ಇರಬಹುದು. ವಾಕರಿಕೆಯನ್ನು ವಿದಾಯವೆಂದು ತಿಳಿದು ಕೈಬಿಡುವುದು ಕರುಣೆಯಲ್ಲ.

ಆದರೆ ಕೊಳವೆಯಲ್ಲಿ ಇನ್ನೊಂದು ಅಪಾಯವಿದೆ. ತಾತನ ಹಸು ತಲೆ ಕೊಡವಬಹುದಿತ್ತು. ಕತ್ತಿನಿಂದ ಇಳಿಯುವ ಆಹಾರಕ್ಕೆ ಬೆಕ್ಕು ಮುಖ ತಿರುಗಿಸಲಾರದು. ‘ಬೇಡ’ ಎನ್ನಲು ಅದಕ್ಕಿದ್ದ ಮುಖ್ಯ ದಾರಿಯನ್ನೇ ನಾನು ಮುಚ್ಚಿದ್ದೆ. ಹಾಗೆ ಮುಚ್ಚಿದವನು ಬೇರೆ ಕಡೆ ಕಿವಿಗೊಡಬೇಕು: ಮೈ ನೆಕ್ಕಿಕೊಳ್ಳುತ್ತದೆಯೇ, ಎದ್ದು ಬಿಸಿಲಿಗೆ ಹೋಗುತ್ತದೆಯೇ, ಕರೆದರೆ ಕಿವಿ ಆಡಿಸುತ್ತದೆಯೇ?

ಅದಕ್ಕೇ ಎರಡು ನಿಯಮ ಮಾಡಿಕೊಂಡೆ. ಪ್ರತಿ ಸಲ ಮೊದಲು ತಟ್ಟೆ, ಆಮೇಲೆ ಸಿರಿಂಜು. ಕೊಳವೆ ಇದ್ದರೂ ಅದು ಬಾಯಿಂದ ತಿನ್ನಬಲ್ಲದು. ಎರಡನೆಯದು, ವೈದ್ಯರೊಡನೆ ಮಾತಾಡಿ ಕ್ಯಾಲೆಂಡರಿನಲ್ಲಿ ಒಂದು ದಿನ ಗುರುತಿಸಿದೆ. ಅಷ್ಟರೊಳಗೆ ಚೇತರಿಕೆ ಕಾಣದಿದ್ದರೆ ಕೊಳವೆ ತೆಗೆಸಿ, ನೋವಿಲ್ಲದ ಸಾವಿನ ಬಗ್ಗೆ ಮಾತಾಡುವುದು. ಗಡುವಿಲ್ಲದ ಕೊಳವೆ ಬೆಕ್ಕಿಗಲ್ಲ, ಅಗಲಿಕೆಗೆ ಹೆದರುವ ನನಗೆ.

ಹತ್ತೊಂಬತ್ತನೆಯ ದಿನ ಅದು ತಟ್ಟೆಯಲ್ಲಿದ್ದ ಮೀನು ಮೂಸಿ, ಒಂದು ತುಣುಕು ತಿಂದಿತು. ನಾನು ಮಾಡಿದ್ದು ಸರಿ ಎಂದು ಇದರಿಂದ ಸಾಬೀತಾಗುವುದಿಲ್ಲ, ತಿನ್ನದೆಯೂ ಇರಬಹುದಿತ್ತು. ಗುರುತು ಮಾಡಿದ ದಿನಕ್ಕೆ ಆಗ ಇನ್ನೂ ಆರು ದಿನ ಬಾಕಿಯಿತ್ತು. ಆ ದಿನ ಬಂದಿದ್ದರೆ ನನ್ನ ಮಾತು ಉಳಿಸಿಕೊಳ್ಳುತ್ತಿದ್ದೆನೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ.