ಕೈ ಕುಲುಕಿ ಹೊರಟವನು

1965ರಲ್ಲಿ ಬಂದ ‘ದಿ ಹೀರೋಸ್ ಆಫ್ ಟೆಲಿಮಾರ್ಕ್’ ಸಿನಿಮಾದ ಕೊನೆಯಲ್ಲಿ ನಾಯಕ ಕರ್ಕ್ ಡಗ್ಲಾಸ್, ತನ್ನವರೇ ಬಾಂಬಿಟ್ಟ ಹಡಗನ್ನು ಹತ್ತಿ ಮಕ್ಕಳನ್ನು ಉಳಿಸುತ್ತಾನೆ. ನೋಡಿದವರಿಗೆ ಸಮಾಧಾನ. ನಾರ್ವೆಯಲ್ಲಿ ನಿಜಕ್ಕೂ ನಡೆದದ್ದೇ ಬೇರೆ. ಬಾಂಬಿಟ್ಟವನು ಆ ಬೆಳಿಗ್ಗೆ ಹಡಗಿನ ಕಡೆ ಹೋಗಲೇ ಇಲ್ಲ, ತಪ್ಪಿಸಿಕೊಳ್ಳೋಕೆ ರೈಲು ಹತ್ತಿದ.

ಅವನ ಹೆಸರು ಕ್ನುಟ್ ಹೌಕೆಲಿಡ್. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ತರಬೇತಿ ಪಡೆದ ನಾರ್ವೆಯ ವಿಶೇಷ ಪಡೆಯ ಸೈನಿಕ. 1943ರ ಫೆಬ್ರವರಿಯಲ್ಲಿ ಅವನೂ ಅವನ ಸಂಗಡಿಗರೂ ವೆಮೊರ್ಕ್ ಕಾರ್ಖಾನೆಗೆ ನುಗ್ಗಿ, ಜರ್ಮನ್ನರ ಅಣುಸಂಶೋಧನೆಗೆ ಬೇಕಿದ್ದ ಭಾರಜಲ ತಯಾರಿಸೋ ಘಟಕವನ್ನು ಸ್ಫೋಟಿಸಿದರು. ಒಂದು ಜೀವವೂ ಹೋಗಲಿಲ್ಲ. ಇಂಥ ಶೌರ್ಯವನ್ನು ಮೆಚ್ಚೋದು ಸುಲಭ ಬಿಡಿ.

ಕಷ್ಟ ಎದುರಾದದ್ದು ಮರುವರ್ಷ. ಉಳಿದ ಭಾರಜಲವನ್ನು ಜರ್ಮನ್ನರು ತಮ್ಮ ದೇಶಕ್ಕೆ ಸಾಗಿಸಲು ಹೊರಟರು. ಅದು ಟಿನ್ ಸರೋವರವನ್ನು ‘ಹೈಡ್ರೋ’ ಹಡಗಿನಲ್ಲಿ ದಾಟಬೇಕಿತ್ತು. ಊರಿನ ಜನ ಓಡಾಡೋ ಹಡಗು ಅದು. ಇಷ್ಟು ಜೀವ ತೆಗೆಯುವಷ್ಟು ಇದು ದೊಡ್ಡ ಕೆಲಸವೇ ಅಂತ ಲಂಡನ್ನಿಗೆ ಕೇಳಿದರು. ನಾಶ ಮಾಡಲೇಬೇಕು ಅಂತ ಉತ್ತರ ಬಂತು. ಪ್ರಯಾಣಿಕರು ಕಡಿಮೆ ಇರೋ ಭಾನುವಾರವೇ ಸಾಗಣೆ ಆಗೋ ಹಾಗೆ ನೋಡಿಕೊಂಡರು. ಇವರಿಗೆ ನೆರವಾಗಿದ್ದ ಕಾರ್ಖಾನೆಯ ಒಬ್ಬನ ತಾಯಿಯೂ ಅದೇ ಹಡಗಿಗೆ ಹೊರಟಿದ್ದಳು. ಮಗ ಅವಳ ಊಟದಲ್ಲಿ ಭೇದಿ ಔಷಧಿ ಬೆರೆಸಿ ಮನೆಯಲ್ಲೇ ಉಳಿಸಿಕೊಂಡ.

ಹಿಂದಿನ ರಾತ್ರಿ ಹಡಗಿನ ಕಾವಲುಗಾರ ಇವರನ್ನು ಕಂಡ. ನಾಜಿಗಳಿಂದ ಅಡಗುತ್ತಿರುವವರು ಅಂತ ನಂಬಿ ಸುಮ್ಮನೆ ಬಿಟ್ಟ. ಸ್ಫೋಟಕಕ್ಕೆ ಅಲಾರಂ ಗಡಿಯಾರ ಜೋಡಿಸಿ ಬಂದ ಹೌಕೆಲಿಡ್ ಅವನ ಕೈ ಕುಲುಕಿ, ಥ್ಯಾಂಕ್ಸ್ ಹೇಳಿ ಹೊರಟ. ಬೇರೇನೂ ಹೇಳಲಿಲ್ಲ. 1944ರ ಫೆಬ್ರವರಿ 20ರಂದು ಹಡಗು ಮುಳುಗಿ 18 ಜನ ಸತ್ತರು. ಅವರಲ್ಲಿ 14 ಜನ ಅವನದೇ ನಾಡಿನ ಸಾಮಾನ್ಯರು.

ಅವನು ಮಾಡಿದ್ದು ಸರೀನಾ? ಜರ್ಮನಿ ಅಣುಬಾಂಬಿನ ಹತ್ತಿರಕ್ಕೂ ಬಂದಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಆದರೆ ಆಮೇಲಿನ ತಿಳಿವಳಿಕೆಯಿಂದ ಆ ರಾತ್ರಿಯ ಮನುಷ್ಯನನ್ನು ಅಳೆಯೋದು ನ್ಯಾಯ ಅಲ್ಲ. ಅವನಿಗೆ ಗೊತ್ತಿದ್ದಷ್ಟೇ ನನಗೂ ಗೊತ್ತಿದ್ದರೆ, ಮುಳುಗಿಸಿ ಅಂತಲೇ ನಾನೂ ಹೇಳ್ತಿದ್ದೆ.

ನನ್ನ ತಕರಾರು ಇರೋದು ‘ಅನಿವಾರ್ಯ’ ಅನ್ನೋ ಪದದ ಮೇಲೆ. ಅದನ್ನು ಹೇಳಿದ ಕೂಡಲೇ ಲೆಕ್ಕ ಚುಕ್ತಾ ಆಯ್ತು ಅಂದುಕೊಂಡುಬಿಡ್ತೀವಿ. ಆ ಮಗನನ್ನೇ ನೋಡಿ. ಹಡಗು ಮುಳುಗೋದು ಅನಿವಾರ್ಯ ಅಂತ ಅವನಿಗೂ ಗೊತ್ತಿತ್ತು. ತನ್ನ ತಾಯಿ ಅದರಲ್ಲಿರೋದು ಮಾತ್ರ ಅವನಿಗೆ ಒಪ್ಪಿಗೆಯಿರಲಿಲ್ಲ. ಅವನನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಆದರೆ ಹಡಗು ಹತ್ತಿದವರೂ ಯಾರದೋ ಮನೆಯವರೇ ಅಲ್ವಾ? ಅವರನ್ನು ಒಂದು ಮಾತು ಕೇಳಿದವರಿಲ್ಲ. ಲಂಡನ್ನಿನ ಅಪ್ಪಣೆ ಇತ್ತು, ನಿಜ. ಗಡಿಯಾರಕ್ಕೆ ಕೀಲಿ ಕೊಟ್ಟ ಕೈ ಮಾತ್ರ ಲಂಡನ್ನಿನದಲ್ಲ.

ಮಾಡಲೇಬೇಕಿದ್ದ ಕೆಲಸದಿಂದಲೂ ಅನ್ಯಾಯ ಆಗುತ್ತೆ. ಎರಡೂ ಒಟ್ಟಿಗೆ ನಿಜ. ಸಿನಿಮಾ ಮಕ್ಕಳನ್ನು ಉಳಿಸಿ, ಎರಡನೆಯ ನಿಜದಿಂದ ನಮ್ಮನ್ನು ಪಾರು ಮಾಡಿತು. ನಾವು ಇಂಥ ಸೈನಿಕರ ಪದಕಗಳನ್ನು ಎಣಿಸೋದಾದರೆ, ಆ ಹದಿನಾಲ್ಕು ಜನರನ್ನೂ ಅದೇ ಉಸಿರಿನಲ್ಲಿ ಎಣಿಸಬೇಕು.