ಪೂರುವಿನ ಒಪ್ಪಿಗೆ, ತಂಗಿಯ ಒಪ್ಪಿಗೆ

ಕೋಲ್ಕತ್ತದ ನ್ಯೂ ಟೌನ್‌ನಲ್ಲಿ 2011ರಲ್ಲಿ ಆರಂಭವಾದ ಟಾಟಾ ಮೆಡಿಕಲ್ ಸೆಂಟರ್‌ಗೆ ಬಂಗಾಳದ ಹಳ್ಳಿಗಳಿಂದ, ಈಶಾನ್ಯ ರಾಜ್ಯಗಳಿಂದ, ಗಡಿಯಾಚೆಯ ಬಾಂಗ್ಲಾದೇಶದಿಂದಲೂ ಕ್ಯಾನ್ಸರ್ ತಗುಲಿದ ಮಕ್ಕಳು ಬರುತ್ತಾರೆ. ದೂರದಿಂದ ಬಂದವರು ತಂಗಲು ‘ಪ್ರೇಮಾಶ್ರಯ’ವಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) 1986ರಲ್ಲಿ ಅಸ್ಥಿಮಜ್ಜೆಯ ಕಸಿ ಶುರುಮಾಡಿದ ಡಾ. ಮಾಮ್ಮನ್ ಚಾಂಡಿ ಮುಂದೆ ಇಲ್ಲಿ ನಿರ್ದೇಶಕರಾಗಿದ್ದರು. ಕಸಿ ಎಂದೊಡನೆ ಎಲ್ಲರ ಕಣ್ಣೂ ಹಾಸಿಗೆ ಹಿಡಿದ ಮಗುವಿನ ಮೇಲೆ. ಧರ್ಮದ ಕಠಿಣ ಪ್ರಶ್ನೆ ಇರುವುದು ಮಾತ್ರ ಮಜ್ಜೆ ಕೊಡಬೇಕಾದ ಇನ್ನೊಂದು ಮಗುವಿನ ವಿಷಯದಲ್ಲಿ.

ರಕ್ತ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಬಹುಪಾಲು ಕೀಮೋದಿಂದಲೇ ಗುಣವಾಗುತ್ತಾರೆ. ರೋಗ ಮರುಕಳಿಸಿದಾಗ, ಅಥವಾ ಮೊದಲಿಂದಲೇ ಮೊಂಡಾಗಿದ್ದಾಗ ಸ್ಟೆಮ್ ಸೆಲ್ ಕಸಿಯ ಮಾತು ಬರುತ್ತದೆ. ತೀವ್ರ ಔಷಧಿಯಿಂದ ಹಳೆಯ ಮಜ್ಜೆಯನ್ನು ಬರಿದುಮಾಡಿ, ದಾನಿಯ ಮಜ್ಜೆಯ ಸ್ಟೆಮ್ ಸೆಲ್‌ಗಳನ್ನು ರಕ್ತ ಕೊಡುವಂತೆ ರಕ್ತನಾಳದೊಳಗೆ ಹರಿಸುತ್ತಾರೆ. ಅವು ತಾವಾಗಿ ಮೂಳೆಯೊಳಗೆ ಸೇರಿ, ಎರಡು-ನಾಲ್ಕು ವಾರಗಳಲ್ಲಿ ಹೊಸ ರಕ್ತ ಹುಟ್ಟಿಸತೊಡಗುತ್ತವೆ. ಒಡಹುಟ್ಟಿದವರೊಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. 1983ರ ಮಾರ್ಚ್‌ನಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ದೇಶದ ಮೊದಲ ಇಂಥ ಕಸಿ ನಡೆದಾಗ ರೋಗಿ ಒಂಬತ್ತು ವರ್ಷದ ಹುಡುಗಿ. ಮಜ್ಜೆ ಕೊಟ್ಟವನು ಅವಳ ಸಹೋದರ. ಕಸಿ ನೆಲೆಗೊಂಡರೆ ಪಡೆದವರ ರಕ್ತದ ಗುಂಪೂ ಕೊಟ್ಟವರದೇ ಆಗುತ್ತದೆ.

ಇಂಥ ದಾನಕ್ಕೆ ದಧೀಚಿಯನ್ನು ನೆನೆಯುವುದು ರೂಢಿ. ಆದರೆ ದಧೀಚಿ ತನ್ನ ಮೂಳೆಯನ್ನು ತಿಳಿದು ಕೊಟ್ಟ ಋಷಿ. ಇಲ್ಲಿಗೆ ಹೊಂದುವವನು ಮಹಾಭಾರತದ ಪೂರು. ತಂದೆ ಯಯಾತಿ ಯೌವನ ಕೇಳಿದಾಗ ನಾಲ್ವರು ಹಿರಿಯ ಮಕ್ಕಳು ಒಲ್ಲೆವೆಂದರು, ಶಾಪ ಉಂಡರು, ಕಿರಿಯವನು ಒಪ್ಪಿದ. ಅಣ್ಣಂದಿರ ಗತಿ ಕಂಡ ಮೇಲಿನ ಆ ಒಪ್ಪಿಗೆ ಎಷ್ಟು ಸ್ವತಂತ್ರ? ಗಿರೀಶ ಕಾರ್ನಾಡರ ‘ಯಯಾತಿ’ಯಲ್ಲಿ (1961) ಪೂರುವಿನ ಹೆಂಡತಿ ಚಿತ್ರಲೇಖೆ ಆ ತ್ಯಾಗಕ್ಕೆ ತಲೆಬಾಗುವುದಿಲ್ಲ.

ಯಯಾತಿಗೆ ಬೇಕಿದ್ದದ್ದು ಭೋಗ, ಕಸಿಗೆ ಕಾದಿರುವ ಅಣ್ಣನಿಗೆ ಬೇಕಿರುವುದು ಜೀವ. ಕೊಡುವ ಮಗುವಿಗೂ ಯೌವನ ಹೋಗುವುದಿಲ್ಲ: ಅರಿವಳಿಕೆ, ಸೊಂಟದ ಮೂಳೆಗೆ ಸೂಜಿ, ಕೆಲವು ದಿನ ನೋವು, ಮಜ್ಜೆ ವಾರಗಳಲ್ಲೇ ತುಂಬಿಕೊಳ್ಳುತ್ತದೆ. ಆದ್ದರಿಂದ ಮಗುವಿನಿಂದ ಪಡೆಯುವುದು ಅಧರ್ಮವಲ್ಲ. ಕೇಳದೆ ಪಡೆಯುವುದು, ಹೇಳದೆ ಪಡೆಯುವುದು ತಪ್ಪು. ಏಳು ವರ್ಷದ ತಂಗಿ ‘ಬೇಡ’ ಎಂದರೆ ಮನೆ ಶಪಿಸುವುದಿಲ್ಲ ನಿಜ. ಅಮ್ಮನ ಮುಖ ಬಾಡಿದರೆ ಸಾಕು, ಆ ವಯಸ್ಸಿಗೆ ಅದೇ ಶಾಪ.

ಇನ್ನೂ ಭಾರವಾದದ್ದು ಕಸಿ ಫಲಿಸದಿದ್ದಾಗಿನ ಸ್ಥಿತಿ. ಕೆಲವೊಮ್ಮೆ ದಾನಿಯ ಜೀವಕೋಶಗಳೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳುತ್ತವೆ. ‘ನನ್ನ ರಕ್ತದಿಂದಲೇ ಅಣ್ಣ ಹೋದ’ ಎಂದು ಮಗು ಯಾರಿಗೂ ಹೇಳದೆ ನಂಬಿಬಿಡಬಹುದು. ದಾನದ ಫಲ ದಾನಿಯ ಕೈಯಲ್ಲಿಲ್ಲ ಎಂದು ಗೀತೆ ಬಲ್ಲ ಹಿರಿಯರು ಮಗುವಿಗೆ ಮೊದಲೇ, ಅದರ ಭಾಷೆಯಲ್ಲೇ ತಿಳಿಸಬೇಕು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಕ್ಕಳಿಂದ ಇಂಥ ದಾನ ಪಡೆಯಲು 2010ರಲ್ಲಿ ಹಾಕಿದ ಷರತ್ತುಗಳಲ್ಲಿ ಮಗುವಿನ ಸಮ್ಮತಿಯೂ ಒಂದು. ಅಷ್ಟೇ ಹೊಂದುವ, ಕೊಡಲು ಸಿದ್ಧವಿರುವ ವಯಸ್ಕ ಬಂಧು ಇರಬಾರದೆಂಬುದು ಇನ್ನೊಂದು. ಈಗ ಅರ್ಧ ಹೊಂದುವ ಅಪ್ಪ-ಅಮ್ಮನ ಮಜ್ಜೆಯಿಂದಲೂ ಕಸಿ ನಡೆಯುತ್ತಿದೆ. ಹೀಗಾಗಿ ತಂಗಿಯ ‘ಬೇಡ’ ಅಣ್ಣನಿಗೆ ಮರಣದಂಡನೆ ಆಗಬೇಕಿಲ್ಲ. ಅವಳನ್ನು ಕೇಳುವವರು ಅಣ್ಣನ ವೈದ್ಯರಲ್ಲದ, ಅವಳೊಬ್ಬಳ ಹಿತ ನೋಡುವ ಬೇರೊಬ್ಬರಾಗಿರಲಿ. ಹೊಂದಾಣಿಕೆ ಪರೀಕ್ಷೆಗೆ ರಕ್ತ ತೆಗೆಯುವ ಮೊದಲೇ ಕೇಳಲಿ. ಹೊಂದುತ್ತದೆಂದು ಮನೆಗೆಲ್ಲ ಗೊತ್ತಾದ ಮೇಲೆ ಅವಳಿಗೆ ಉತ್ತರ ಒಂದೇ ಉಳಿಯುತ್ತದೆ.